ಬುದ್ಧಿಯ ವಿನಯವೂ ರಾಜಕೀಯ ಪಕ್ಷಪಾತವೂ

ವಾಚನಾಲಯದ ಮೇಜಿನ ಮೇಲೆ ನಾಲ್ಕು ಪತ್ರಿಕೆಗಳಿದ್ದರೂ ನಮ್ಮ ಕೈ ರುಚಿಸಿದ ಒಂದರ ಕಡೆಗೇ ಹೋಗುವುದುಂಟು. ಎದುರು ಪಕ್ಷದ ಪತ್ರಿಕೆಯನ್ನೂ ಓದಿದರೆ ಮನಸ್ಸು ತಿಳಿಯಾದೀತೆಂದು ಹಲವರ ನಂಬಿಕೆ. ಅದು ಅಷ್ಟು ಸುಲಭವಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಪರೀಕ್ಷೆಗೆ ಕುಳಿತವರು 48 ವಿದ್ಯಾರ್ಥಿಗಳು. ಅವರಲ್ಲಿ ಅರ್ಧ ಮಂದಿ ಮರಣದಂಡನೆ ಬೇಕೆನ್ನುವವರು, ಅರ್ಧ ಮಂದಿ ಬೇಡವೆನ್ನುವವರು. ಆ ದಂಡನೆಯಿಂದ ಕೊಲೆಗಳು ಕಡಮೆಯಾಗುವುವೆಂದು ಸಾರುವ ಒಂದು ಅಧ್ಯಯನ, ಆಗುವುದಿಲ್ಲವೆನ್ನುವ ಇನ್ನೊಂದು, ಎರಡನ್ನೂ ಎಲ್ಲರಿಗೂ ಓದಲು ಕೊಟ್ಟರು. (ಎರಡೂ ಪರೀಕ್ಷೆಗಾಗಿಯೇ ಕಟ್ಟಿದವು, ಓದಿದವರಿಗೆ ಅದು ತಿಳಿದಿರಲಿಲ್ಲ.) ತಮ್ಮ ಮತಕ್ಕೆ ಒಪ್ಪುವ ಅಧ್ಯಯನ ಅವರಿಗೆ ಗಟ್ಟಿಯಾಗಿ ತೋರಿತು, ಒಪ್ಪದ್ದರಲ್ಲಿ ಹುಳುಕುಗಳು ಕಂಡವು. ಕೊನೆಗೆ ಎರಡು ಗುಂಪಿನವರೂ ತಮ್ಮ ಅಭಿಪ್ರಾಯ ಮೊದಲಿಗಿಂತ ದೃಢವಾಯಿತೆಂದೇ ಹೇಳಿದರು!

ಅವರು ಮೋಸಗಾರರಲ್ಲ. ಲೆಕ್ಕ ಬರೆಯುವ ಗುಮಾಸ್ತರಿಗೆ ಇದರ ಗುಟ್ಟು ಗೊತ್ತಿರಬೇಕು. ಮೊತ್ತ ತಾಳೆಯಾಗದಿದ್ದರೆ ಸಾಲುಸಾಲಾಗಿ ತಪ್ಪು ಹುಡುಕುತ್ತೇವೆ. ತಾಳೆಯಾಯಿತೋ, ಒಳಗೆ ಎರಡು ತಪ್ಪುಗಳು ಒಂದನ್ನೊಂದು ನುಂಗಿಕೊಂಡಿದ್ದರೂ ಪುಸ್ತಕ ಮುಚ್ಚಿ ಮನೆಗೆ ಹೊರಡುತ್ತೇವೆ.

ಇದಕ್ಕೆ ಮದ್ದಿಲ್ಲವೇ? 1984ರಲ್ಲಿ ಲಾರ್ಡ್ ಮತ್ತು ಲೆಪ್ಪರ್, ಎಲಿಜಬೆತ್ ಪ್ರೆಸ್ಟನ್ ಅವರೊಡನೆ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದರು. ನ್ಯಾಯಾಧೀಶರಂತೆ ನಿಷ್ಪಕ್ಷಪಾತವಾಗಿ ತೂಗಿರೆಂದು ಕೆಲವರಿಗೆ ಹೇಳಿದರು. ಆ ಬುದ್ಧಿವಾದದಿಂದ ಏನೂ ಆಗಲಿಲ್ಲ. ಇನ್ನು ಕೆಲವರಿಗೆ, ಇದೇ ಅಧ್ಯಯನದ ಫಲ ತಿರುಗುಮುರುಗಾಗಿದ್ದರೆ ಆಗಲೂ ನಾನು ಇದನ್ನು ಹೀಗೆಯೇ ಬೆಲೆಕಟ್ಟುತ್ತಿದ್ದೆನೆ ಎಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಿರೆಂದರು. ಇವರಲ್ಲಿ ಪಕ್ಷಪಾತ ಅಡಗಿತು.

ಬುದ್ಧಿಯ ವಿನಯವೆಂದರೆ ಇದೇ. ನಾನು ತಪ್ಪಿರಬಹುದೆಂದು ಬಾಯಲ್ಲಿ ಹೇಳುವುದು ಸುಲಭ. ಎಲ್ಲಿ ತಪ್ಪಿರಬಹುದೆಂದು ಹುಡುಕಲು ಹೋಗುವುದು ಬೇರೆ. ಮತವನ್ನೇ ಇಟ್ಟುಕೊಳ್ಳಬಾರದೆಂದು ಇದರ ಅರ್ಥವಲ್ಲ. ಗೋಡೆಯ ಮೇಲೆ ಕುಳಿತವನು ವಿನಯಿಯೆಂದು ನಾನಂತೂ ಒಪ್ಪೆ. ಇದು ಒಂದೇ ಪಕ್ಷದವರ ಸೊತ್ತೂ ಅಲ್ಲ.

ಚುನಾವಣೆ ಬಂದಾಗ ಒಂದೇ ಖೋಲಿಯಲ್ಲಿ ಒಟ್ಟಿಗೆ ಅಡಿಗೆ ಮಾಡಿಕೊಂಡಿದ್ದ ಗೆಳೆಯರು ಮಾತು ಬಿಡುವುದನ್ನು ನಾವು ಕಂಡಿದ್ದೇವೆ. ಎದುರು ಪಕ್ಷದ ಮಂತ್ರಿ ಮಾತು ಬದಲಿಸಿದರೆ ಅವಕಾಶವಾದಿ ಎನ್ನುತ್ತೇವಲ್ಲ, ನಮ್ಮವರು ಬದಲಿಸಿದಾಗ ಏನೆಂದಿದ್ದೆವು? ಮುಂದಿನ ಸಲ ಜಗಳಕ್ಕೆ ನಿಲ್ಲುವ ಮೊದಲು ಇದೊಂದನ್ನು ಪರೀಕ್ಷಿಸಿ ನೋಡಬಹುದು.