ತುಪ್ಪಳದ ಸಂತೆ, ಕೋಳಿಯ ಕೂಟ

ಅಮೆರಿಕದ ವಯೋಮಿಂಗ್‌ನಲ್ಲಿ, ಗ್ರೀನ್ ನದಿಗೆ ಹಾರ್ಸ್ ಕ್ರೀಕ್ ಎಂಬ ಹಳ್ಳ ಬಂದು ಸೇರುವ ಕಡೆ ವಿಶಾಲವಾದ ಹುಲ್ಲುಗಾವಲಿದೆ. 1830ರ ದಶಕದಲ್ಲಿ ಹಲವು ಬೇಸಿಗೆಗಳಲ್ಲಿ ಅಲ್ಲಿ ಡೇರೆಗಳ ಊರೇ ಏಳುತ್ತಿತ್ತು. ಬೆಟ್ಟದ ಹೊಳೆಗಳಲ್ಲಿ ತುಪ್ಪಳಕ್ಕಾಗಿ ಬೀವರ್ ಎಂಬ ಪ್ರಾಣಿಯನ್ನು ಹಿಡಿಯುತ್ತ ವರ್ಷವೆಲ್ಲ ಅಲೆದ ಬೇಟೆಗಾರರು, ಶೋಶೋನಿ, ನೆಜ್ ಪರ್ಸ್ ಮೊದಲಾದ ಮೂಲನಿವಾಸಿಗಳು, ಸೇಂಟ್ ಲೂಯಿಸ್ ಕಡೆಯಿಂದ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಬಂದ ವ್ಯಾಪಾರಿಗಳು ಅಲ್ಲಿ ಕೂಡುತ್ತಿದ್ದರು. ಇದೇ ರಾಂಡೆವೂ.

ಇಂಥ ಕೂಟವನ್ನು 1825ರಲ್ಲಿ ಮೊದಲು ಶುರುಮಾಡಿದವನು ತುಪ್ಪಳದ ವ್ಯಾಪಾರಿ ವಿಲಿಯಂ ಆಶ್ಲಿ. ಕೋಟೆ ಕಟ್ಟಿಕೊಂಡು ತುಪ್ಪಳ ಬರಲೆಂದು ಕಾಯುವ ಬದಲು, ಮದ್ದು, ಸೀಸ, ಕಾಫಿ, ಸಕ್ಕರೆ, ಕಂಬಳಿಗಳನ್ನು ಅವನು ಬೇಟೆಗಾರರಿದ್ದಲ್ಲಿಗೇ ಒಯ್ದ. ಕಟ್ಟಡವಿಲ್ಲ, ಕಾವಲಿಲ್ಲ, ಮೊದಲೇ ಒಪ್ಪಿಕೊಂಡ ಒಂದು ಜಾಗ, ಒಂದು ಕಾಲ, ಅಷ್ಟೆ. ಅದರ ಜಾಣತನವೆಲ್ಲ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಲಾಭದ ಹಂಚಿಕೆಯಲ್ಲಿ ಮಾತ್ರ ನ್ಯಾಯವಿರಲಿಲ್ಲ. ಸರಕಿಗೆ ಸೇಂಟ್ ಲೂಯಿಸ್‌ನ ಹಲವು ಪಟ್ಟು ಬೆಲೆ. ವರ್ಷದ ದುಡಿಮೆಯನ್ನು ಮದ್ಯಕ್ಕೆ ಸುರಿದು ಸಾಲ ಹೊತ್ತು ಬೆಟ್ಟಕ್ಕೆ ಮರಳಿದವರು ಎಷ್ಟೋ ಜನ. ಬೀವರ್ ಸಂತತಿ ಕ್ಷೀಣಿಸಿತು, ಪಟ್ಟಣದವರು ಬೀವರ್ ತುಪ್ಪಳದ ಟೋಪಿ ಬಿಟ್ಟು ರೇಷ್ಮೆ ಟೋಪಿಗೆ ಮನಸೋತರು, 1840ಕ್ಕೆ ಸಂತೆ ಮುಗಿಯಿತು.

ಇಂದು ಪೈನ್‌ಡೇಲ್ ಊರಿನವರು ಪ್ರತಿ ಜುಲೈಯಲ್ಲಿ ಅದನ್ನು ನೆನೆದು ಉತ್ಸವ ನಡೆಸುತ್ತಾರೆ. ಬೇರೆಡೆಗಳಲ್ಲೂ ಹವ್ಯಾಸಿಗಳು 1840ಕ್ಕಿಂತ ಹಿಂದಿನ ಉಡುಪು ತೊಟ್ಟು, ಕ್ಯಾನ್ವಾಸ್ ಡೇರೆಗಳಲ್ಲಿ ತಂಗುತ್ತಾರೆ. ನೆಲಕ್ಕೆ ಕಂಬಳಿ ಹಾಸಿ, ತಂದದ್ದನ್ನು ಅದರ ಮೇಲಿಟ್ಟು ವಿನಿಮಯ ಮಾಡಿಕೊಳ್ಳುವುದೂ ಉಂಟು.

ಹಿತ್ತಿಲಲ್ಲಿ ಕೋಳಿ ಸಾಕುವ ಹವ್ಯಾಸಿಗಳಿಗೆ ಈ ಮಾದರಿ ಚೆನ್ನಾಗಿ ಒಗ್ಗುತ್ತದೆ. ಅಮೆರಿಕದಲ್ಲಿ ಕೋಳಿ ಪ್ರದರ್ಶನ 1849ರ ಬಾಸ್ಟನ್‌ನಷ್ಟು ಹಳೆಯದು. ತಳಿಗಳ ಲಕ್ಷಣ ಗೊತ್ತುಮಾಡಿದ ಪುಸ್ತಕ 1874ರಲ್ಲೇ ಬಂತು. ಆದರೆ ಪ್ರದರ್ಶನದಲ್ಲಿ ಕೋಳಿ ಪಂಜರದಲ್ಲಿರುತ್ತದೆ, ತೀರ್ಪುಗಾರ ಜುಟ್ಟು, ಗರಿ ನೋಡಿ ಮುಂದೆ ಹೋಗುತ್ತಾನೆ. ಡೊಮಿನಿಕ್‌ನಂಥ ಹಳೆಯ ತಳಿ ಉಳಿಸುವವರಿಗೆ ಬೇಕಾದದ್ದು ಇನ್ನೊಂದಿದೆ. ಒಂದೇ ಹಿಂಡಿನೊಳಗೆ ಕೂಡುತ್ತ ಹೋದರೆ ಮೊಟ್ಟೆಯಲ್ಲಿ ಮರಿಯಾಗುವುದು ಕಡಿಮೆಯಾಗುತ್ತದೆ, ಮರಿಗಳು ಬಡವಾಗುತ್ತವೆ. ಬೇರೆ ರಕ್ತದ ಹುಂಜ ಬೇಕು, ಅದರ ತಾಯಿ ಹೇಗೆ ಕಾವಿಗೆ ಕೂರುತ್ತಿತ್ತೆಂದು ಹೇಳಬಲ್ಲ ಮನುಷ್ಯನೂ ಬೇಕು. ಅಂಚೆಯಲ್ಲಿ ಕುಲುಕಿಕೊಂಡು ಬರುವ ಮೊಟ್ಟೆ ಆ ಮಾತನ್ನು ತರಲಾರದು. ರಾಂಡೆವೂ ಮಾದರಿಯ ಕೂಟದಲ್ಲಿ ಎರಡು ರಾತ್ರಿ ಒಟ್ಟಿಗೆ ತಂಗಿದರೆ ಆ ಮಾತೆಲ್ಲ ತಾನಾಗಿ ಹೊರಬರುತ್ತದೆ.

ಒಂದು ಎಚ್ಚರ ಮಾತ್ರ ಬಿಡುವಂತಿಲ್ಲ. 1837ರಲ್ಲಿ ತುಪ್ಪಳ ಕಂಪನಿಯ ಹಡಗು ಮಿಸ್ಸೌರಿ ನದಿಯಲ್ಲಿ ಸಿಡುಬನ್ನೂ ಹೊತ್ತೊಯ್ದು ಮಂಡನ್ ಮೂಲನಿವಾಸಿಗಳನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ಸರಕು ಓಡಾಡುವ ದಾರಿಯಲ್ಲೇ ರೋಗವೂ ಓಡಾಡುತ್ತದೆ. 2022ರ ಹಕ್ಕಿಜ್ವರದಿಂದ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕೋಳಿ ಪ್ರದರ್ಶನಗಳು ನಿಂತುಹೋದವು. ಜ್ವರದ ಕಾಲದಲ್ಲಿ ಕೂಟವನ್ನು ಮುಂದೂಡುವುದೇ ಸರಿ. ಉಳಿದಂತೆ, ಪುಲ್ಲೋರಮ್ ಎಂಬ ಕೋಳಿರೋಗದ ತಪಾಸಣೆ ಬಾಗಿಲಲ್ಲೇ ಆಗಬೇಕು. ರೆಕ್ಕೆಯಡಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ನೇರಳೆ ಬಣ್ಣದ ದ್ರಾವಣದೊಂದಿಗೆ ಕಲಸುತ್ತಾರೆ. ಎರಡು ನಿಮಿಷದೊಳಗೆ ಅದು ಗಂಟುಗಂಟಾಗಿ ಒಡೆದರೆ ಆ ಕೋಳಿ ಒಳಗೆ ಬರುವಂತಿಲ್ಲ. ಕೊಂಡೊಯ್ದ ಹುಂಜವನ್ನೂ ಮನೆಯಲ್ಲಿ ಒಂದು ತಿಂಗಳು ಬೇರೆ ಗೂಡಿನಲ್ಲಿಟ್ಟು, ಅದಕ್ಕೆ ಬೇರೆಯದೇ ನೀರಿನ ಪಾತ್ರೆ ಕೊಟ್ಟು, ಆಮೇಲೆ ಹೇಂಟೆಗಳ ಜೊತೆ ಬಿಡಬೇಕು.