ಲಯ ಕೂಡಿಸಿದರೆ ಶ್ರುತಿ ಕೆಡುವುದೇಕೆ?

ಸಂಜೆಯ ಹೊತ್ತು ಚಿಕ್ಕಲಸಂದ್ರದ ಅಡ್ಡರಸ್ತೆಗಳಲ್ಲಿ ನಡೆದರೆ ಯಾವುದಾದರೂ ಮನೆಯಿಂದ ಸಂಗೀತ ಪಾಠ ಕಿವಿಗೆ ಬೀಳುತ್ತದೆ. ಜೊತೆಗೆ ಎಲೆಕ್ಟ್ರಾನಿಕ್ ತಂಬೂರಿಯ ನಾದ. ಬೆಂಗಳೂರಿನ ರೇಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಈ ಬಗೆಯ ಪೆಟ್ಟಿಗೆಯಲ್ಲಿ ಶ್ರುತಿಗೆ ಒಂದು ಗುಂಡಿ, ಮೀಟಿನ ವೇಗಕ್ಕೆ ಇನ್ನೊಂದು. ಒಂದನ್ನು ತಿರುಗಿಸಿದರೆ ಇನ್ನೊಂದು ಕದಲುವುದಿಲ್ಲ, ಏಕೆಂದರೆ ಯಂತ್ರವೇ ನಾದವನ್ನು ಹೊಸದಾಗಿ ಹುಟ್ಟಿಸುತ್ತದೆ. ಅದೇ ಬೀದಿಯಲ್ಲಿ ಡಿಜೆ ಆಗಹೊರಟ ಹುಡುಗನಿಗೆ ಈ ಅನುಕೂಲವಿಲ್ಲ. ಅವನ ಕೈಯಲ್ಲಿರುವುದು ಧ್ವನಿಮುದ್ರಿತ ಸಂಗೀತ. ಅದರಲ್ಲಿ ಶ್ರುತಿಯೂ ಲಯವೂ ಒಂದಕ್ಕೊಂದು ಬೆಸೆದುಕೊಂಡಿವೆ.

ಅವನು ಕೂಡಿಸಹೊರಟದ್ದು ಟೆಕ್ನೋ ಎಂದುಕೊಳ್ಳಿ. 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮುಂತಾದವರು ಬೆಳೆಸಿದ ಟೆಕ್ನೋದಲ್ಲಿ ಮಾತು ಕಡಿಮೆ, ಪೆಟ್ಟು ಹೆಚ್ಚು. ನಾಲ್ಕು ಎಣಿಕೆಯ ಪ್ರತಿ ಎಣಿಕೆಗೂ ಕಿಕ್ ಡ್ರಮ್ ಬೀಳುತ್ತದೆ. ಒಂದು ಟ್ರ್ಯಾಕ್ ಮುಗಿಯುವ ಮೊದಲೇ ಇನ್ನೊಂದನ್ನು ಅದರ ಮೇಲೆ ತಂದು ನಿಲ್ಲಿಸುವುದು ಡಿಜೆಯ ಕೆಲಸ. ಎರಡೂ ನಿಮಿಷಗಟ್ಟಲೆ ಒಟ್ಟಿಗೆ ನುಡಿಯುವುದರಿಂದ ಸಣ್ಣ ತಪ್ಪೂ ಕೇಳಿಸುತ್ತದೆ.

ಒಂದು ಲೆಕ್ಕ ನೋಡೋಣ. ಮೊದಲ ಟ್ರ್ಯಾಕ್ ನಿಮಿಷಕ್ಕೆ 132 ಪೆಟ್ಟು, ಎರಡನೆಯದು 126. ಎರಡನ್ನೂ ಒಂದೇ ಕ್ಷಣದಲ್ಲಿ ಶುರು ಮಾಡಿದರೂ 5 ಸೆಕೆಂಡಿನಲ್ಲಿ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ಹಾಗಾಗಿ ಎರಡನೆಯದನ್ನು 132ಕ್ಕೆ ಏರಿಸಬೇಕು, ಅಂದರೆ ವೇಗವನ್ನು ಶೇ 4.8ರಷ್ಟು ಹೆಚ್ಚಿಸಬೇಕು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಶೇ 8ರವರೆಗೆ ಏರಿಸುವ, ಇಳಿಸುವ ಜಾರುಗುಂಡಿ ಇತ್ತು. ಲಯ ಕೂಡಿಸಲು ಅಷ್ಟು ಸಾಕು.

ಆದರೆ ತಟ್ಟೆ ವೇಗವಾಗಿ ತಿರುಗಿದರೆ ಅದರ ಗೀರಿನಲ್ಲಿರುವ ಪ್ರತಿ ಕಂಪನವೂ ಅಷ್ಟೇ ಬೇಗ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ಶೇ 5.95ರಷ್ಟು ಏರಿದರೆ ಒಂದು ಸ್ವರಸ್ಥಾನವೇ ಮೇಲೆ. ಎರಡೂ ಟ್ರ್ಯಾಕ್‌ಗಳ ಆಧಾರ ಹಾರ್ಮೋನಿಯಂನ ಬಿಳಿ ಆರು ಎಂದುಕೊಳ್ಳಿ. ಏರಿಸಿದ ಟ್ರ್ಯಾಕ್ ಈಗ ಬಿಳಿ ಆರಕ್ಕೂ ಕಪ್ಪು ಐದಕ್ಕೂ ನಡುವೆ, ಯಾವ ಮನೆಗೂ ಸೇರದೆ ನಿಂತಿದೆ. ಒಂದರ ಬೇಸ್ ಸೆಕೆಂಡಿಗೆ 110 ಸಲ ಕಂಪಿಸಿದರೆ ಇನ್ನೊಂದರದು ಸುಮಾರು 115 ಸಲ. ಈ ಎರಡು ಕೂಡಿದಾಗ ಸದ್ದು ಸೆಕೆಂಡಿಗೆ ಸುಮಾರು 5 ಸಲ ಉಬ್ಬಿ ಕುಗ್ಗುತ್ತದೆ. ತಂಬೂರಿಯ ತಂತಿಗಳು ಶ್ರುತಿ ಸೇರುವ ಮುನ್ನ ಅಲೆಅಲೆಯಾಗಿ ನಡುಗುವುದೂ ಇದೇ ಕಾರಣಕ್ಕೆ.

ಈ ಬೆಸುಗೆ ಬಿಡಿಸುವ ದಾರಿ ಸಿಕ್ಕಿದ್ದು ಮಾತಿನ ಸಂಶೋಧನೆಯಲ್ಲಿ. 1966ರಲ್ಲಿ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ 'ಫೇಸ್ ವೊಕೋಡರ್' ಎಂಬ ವಿಧಾನ ಪ್ರಕಟಿಸಿದರು. ಸದ್ದನ್ನು ಸಣ್ಣ ಸಣ್ಣ ತುಣುಕಾಗಿಸಿ, ಪ್ರತಿ ತುಣುಕಿನಲ್ಲಿ ಯಾವ ಕಂಪನಗಳಿವೆ ಎಂದು ಅಳೆದು, ತುಣುಕುಗಳ ನಡುವಿನ ಅಂತರವನ್ನಷ್ಟೇ ಹಿಗ್ಗಿಸಿ ಕುಗ್ಗಿಸಿದರೆ ವೇಗ ಬದಲಾಗುತ್ತದೆ, ಶ್ರುತಿ ಉಳಿಯುತ್ತದೆ. ಇಂದಿನ ಡಿಜೆ ತಂತ್ರಾಂಶಗಳು ಈ ಬಗೆಯ ಗಣಿತವನ್ನು ಕ್ಷಣಕ್ಷಣಕ್ಕೂ ಮಾಡುತ್ತವೆ. ವೇಗವನ್ನು ತೀರಾ ಬದಲಿಸಿದರೆ ಮಾತ್ರ ಕಿಕ್‌ನ ಚೂಪು ಮೊಂಡಾಗುತ್ತದೆ.

ಶ್ರುತಿ ಉಳಿದ ಮೇಲೆ ಆಯ್ಕೆಯ ಪ್ರಶ್ನೆ: ಯಾವುದರ ಪಕ್ಕ ಯಾವುದು? ಡಿಜೆಗಳು ಬಳಸುವ 'ಕ್ಯಾಮೆಲಾಟ್ ಚಕ್ರ'ದಲ್ಲಿ 1ರಿಂದ 12ರವರೆಗೆ ಮನೆಗಳಿವೆ. ಪಕ್ಕದ ಮನೆಗಳ ಏಳು ಸ್ವರಗಳಲ್ಲಿ ಆರು ಒಂದೇ. 8ಎ ಎಂದರೆ ಎ ಮೈನರ್, 9ಎ ಎಂದರೆ ಇ ಮೈನರ್. ನಮ್ಮ ಮೇಳಕರ್ತ ಬಲ್ಲವರಿಗೆ ಇದು ಹೊಸದಲ್ಲ. ಎ ಸ್ವರವಾದ ಬಿಳಿ ಆರನ್ನೇ ಷಡ್ಜವಾಗಿಟ್ಟು ನೋಡಿದರೆ 8ಎ ಸ್ವರಗಳು ನಟಭೈರವಿ. ಅದರ ಶುದ್ಧ ಧೈವತ ಚತುಶ್ರುತಿ ಧೈವತವಾದರೆ ಖರಹರಪ್ರಿಯ. 9ಎ ಸ್ವರಗಳು ಅವೇ. ಒಂದೇ ಸ್ವರ ಸರಿದದ್ದರಿಂದ ಕೇಳುಗನಿಗೆ ಬಣ್ಣ ಬದಲಾದಂತೆ ಅನಿಸುತ್ತದೆ, ಅಪಸ್ವರ ಅನಿಸುವುದಿಲ್ಲ.

ಹಾಗೆಂದು ತಂತ್ರಾಂಶ ತೋರಿಸುವ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ. ಅದು ಟ್ರ್ಯಾಕ್‌ನಲ್ಲಿ ಹನ್ನೆರಡು ಸ್ವರಸ್ಥಾನಗಳಿಗೆ ಎಷ್ಟೆಷ್ಟು ಪಾಲಿದೆ ಎಂದು ಅಳೆದು ಆಧಾರವನ್ನು ಊಹಿಸುತ್ತದೆ. ಟೆಕ್ನೋದಲ್ಲಿ ಡ್ರಮ್ಮೇ ಹೆಚ್ಚು, ಸ್ವರ ಕಡಿಮೆ. ಹಾಗಾಗಿ ಷಡ್ಜವಿರುವಲ್ಲಿ ಪಂಚಮವನ್ನು ಆಧಾರವೆಂದು ತೋರಿಸುವುದುಂಟು. ಪೆಟ್ಟು ಸರಿಯಾಗಿ ಬಿದ್ದರೂ ಎಡುಪು ತಪ್ಪಬಹುದು: ಸಂಗೀತ ತಿರುವು ಪಡೆಯುವುದು ಸಾಮಾನ್ಯವಾಗಿ ಎಂಟು, ಹದಿನಾರು ಆವರ್ತಗಳಿಗೊಮ್ಮೆ, ಹೊಸ ಟ್ರ್ಯಾಕ್ ಆ ತಿರುವಿಗೇ ಬಂದು ಕೂಡಬೇಕು.

ಡಿಜೆ ಕಲಿಯುವ ಮಕ್ಕಳಿಗೆ ನನ್ನದೊಂದು ಮಾತು. ಪರದೆಯ ಸಂಖ್ಯೆ ನೋಡುವ ಮೊದಲು ಹೆಡ್‌ಫೋನ್ ಹಾಕಿಕೊಂಡು ಬೇಸ್‌ನ ಆಧಾರ ಸ್ವರವನ್ನು ಬಾಯಲ್ಲಿ ಹಿಡಿಯಿರಿ. ಅದನ್ನು ಬಿಡದೆ ಇನ್ನೊಂದು ಟ್ರ್ಯಾಕ್ ಕೇಳಿ. ಸೇರಿದರೆ ಕೂಡಿಸಿ, ಸೇರದಿದ್ದರೆ ಬೇರೆಯದನ್ನು ಹುಡುಕಿ. ಆ ಕಿವಿ ಬೇಕೆಂದರೆ ಪಕ್ಕದ ಮನೆಯ ಪಾಠಕ್ಕೆ ಹೋಗಿ ಕೂತುಕೊಳ್ಳಿ. ಸರಳೆ ವರಸೆ ಕಲಿತವರು ಟೆಕ್ನೋವನ್ನೂ ಚೆನ್ನಾಗಿಯೇ ಕೂಡಿಸುತ್ತಾರೆ.