ಚಿನ್ನಸ್ವಾಮಿಯ ಹುಲ್ಲಿನ ಅಡಿಯಲ್ಲಿ

2015ರ ನವೆಂಬರ್‌ನಲ್ಲಿ ಎಬಿ ಡಿವಿಲಿಯರ್ಸ್ ತಮ್ಮ ನೂರನೇ ಟೆಸ್ಟ್ ಆಡಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಮೊದಲ ದಿನ 85 ರನ್ ಹೊಡೆದರು. ಆಮೇಲೆ ಮಳೆ ಹಿಡಿಯಿತು. ಮಳೆ ನಿಂತಾಗಲೂ ಔಟ್‌ಫೀಲ್ಡ್ ಒಣಗಲಿಲ್ಲ. ಉಳಿದ ನಾಲ್ಕು ದಿನ ಒಂದು ಎಸೆತವೂ ಆಗದೆ ಟೆಸ್ಟ್ ಮುಗಿಯಿತು.

2024ರ ಅಕ್ಟೋಬರ್ 16ರಂದು ಅದೇ ಅಂಗಳದಲ್ಲಿ ಭಾರತ–ನ್ಯೂಜಿಲೆಂಡ್ ಟೆಸ್ಟ್‌ನ ಮೊದಲ ದಿನ ಟಾಸ್ ಕೂಡ ಹಾಕಲಾಗದಷ್ಟು ಮಳೆ. ಆದರೆ ಮರುದಿನ ಬೆಳಿಗ್ಗೆಯೇ ಆಟ ಶುರುವಾಯಿತು. ಭಾರತ 46 ರನ್‌ಗೆ ಆಲೌಟಾದ ನೋವಿನಲ್ಲಿ, ಅಷ್ಟು ಮಳೆಯ ನಂತರ ಆ ಹುಲ್ಲಿನ ಮೇಲೆ ಆಟಗಾರರು ಓಡಾಡಿದ್ದನ್ನು ಹೆಚ್ಚಿನವರು ಗಮನಿಸಲೇ ಇಲ್ಲ. ಈ ಎರಡು ಪಂದ್ಯಗಳ ನಡುವೆ ಬದಲಾದದ್ದು ನೆಲದ ಒಳಗಿನ ವ್ಯವಸ್ಥೆ.

ಬೌಂಡರಿ ಸುಮಾರು 65 ಮೀಟರ್ ದೂರವಿರುವ ಮೈದಾನದ ವಿಸ್ತೀರ್ಣ ಹದಿಮೂರು ಸಾವಿರ ಚದರ ಮೀಟರ್. ಅದರ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 1.3 ಲಕ್ಷ ಲೀಟರ್ ನೀರು ಬಂದಂತೆ. ಪಿಚ್‌ಗೆ ಹೊದಿಕೆ ಹಾಕಬಹುದು. ಮೇಲೆ ನಿಂತ ನೀರನ್ನು ಸೂಪರ್ ಸಾಪರ್‌ನ ಸ್ಪಂಜಿನ ಉರುಳೆ ಹೀರುತ್ತದೆ. ಬೇರಿನ ಸುತ್ತ ಮಣ್ಣಿನಲ್ಲಿ ಇಂಗಿದ ನೀರನ್ನು ಮಾತ್ರ ಈ ಎರಡೂ ಮುಟ್ಟಲಾರವು.

ಒಳ್ಳೆಯ ಮೈದಾನಗಳಲ್ಲಿ ಹುಲ್ಲಿನ ಕೆಳಗೆ ಜೇಡಿಮಣ್ಣು ಇರುವುದಿಲ್ಲ, ಮರಳು ಇರುತ್ತದೆ. ಮರಳಿನ ಕೆಳಗೆ ಜಲ್ಲಿ, ಜಲ್ಲಿಯಲ್ಲಿ ತೂತು ಕೊರೆದ ಕೊಳವೆಗಳು. ನೀರು ಸರಾಗವಾಗಿ ಇಳಿದುಹೋಗಬೇಕಲ್ಲ ಎನಿಸುತ್ತದೆ, ಆದರೆ ಪೂರ್ತಿ ಇಳಿಯುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿದರೆ ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ, ಒಳಗೆ ನೀರು ಉಳಿದೇ ಇರುತ್ತದೆ. ಮರಳಿನಲ್ಲೂ ಹೀಗೆಯೇ. ಕಣಗಳ ನಡುವಿನ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಜಲ್ಲಿಯ ದೊಡ್ಡ ಸಂದುಗಳಿಗೆ ಅದನ್ನು ಬಿಟ್ಟುಕೊಡುವುದಿಲ್ಲ. ಬಿಸಿಲುಗಾಲದಲ್ಲಿ ಇದು ವರ, ಬೇರಿಗೆ ತೇವ ಸಿಗುತ್ತದೆ. ಪಂದ್ಯದ ದಿನ ಮಳೆ ಬಂದರೆ ಇದೇ ತೊಡಕು.

ಈ ಹಿಡಿತವನ್ನು ಬಿಡಿಸಲು ಬಂದದ್ದು ಸಬ್‌ಏರ್ ಯಂತ್ರ. ಇದರ ಹುಟ್ಟು ಗಾಲ್ಫ್ ಅಂಗಳದಲ್ಲಿ, 1990ರ ದಶಕದಲ್ಲಿ ಅಮೆರಿಕದ ಅಗಸ್ಟಾ ನ್ಯಾಷನಲ್‌ನಲ್ಲಿ. ಅದನ್ನು ರೂಪಿಸಿದ ಮಾರ್ಶ್ ಬೆನ್ಸನ್ ಅಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಅದನ್ನು ಕ್ರಿಕೆಟ್‌ಗೆ ತಂದ ಮೊದಲ ಮೈದಾನ ಚಿನ್ನಸ್ವಾಮಿ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಹಳೆಯ ಔಟ್‌ಫೀಲ್ಡ್ ಅಗೆಸಿ, ಮರಳು ತುಂಬಿಸಿ, ಸುಮಾರು ನಾಲ್ಕೂವರೆ ಕಿಲೋಮೀಟರ್ ಕೊಳವೆ ಹೂಳಿಸಿತು. 2017ರ ಆರಂಭಕ್ಕೆ 200 ಅಶ್ವಶಕ್ತಿಯ ಯಂತ್ರ ಸಿದ್ಧವಾಯಿತು. ವೆಚ್ಚ ನಾಲ್ಕು ಕೋಟಿ ರೂಪಾಯಿಗೂ ಹೆಚ್ಚು.

ಕೆಲಸದ ರೀತಿ ಸರಳ. ದೊಡ್ಡ ಬ್ಲೋಯರ್ ಕೊಳವೆಗಳೊಳಗಿನ ಗಾಳಿಯನ್ನು ಎಳೆದುಕೊಂಡಾಗ ಕೆಳಗಿನ ಒತ್ತಡ ತಗ್ಗುತ್ತದೆ, ಮೇಲಿನ ವಾತಾವರಣದ ಒತ್ತಡ ಮರಳಿನ ಸಂದುಗಳಲ್ಲಿ ಕೂತ ನೀರನ್ನು ಕೆಳಕ್ಕೆ ದೂಡುತ್ತದೆ. ಗುರುತ್ವದ ಬಲದಿಂದಷ್ಟೇ ಇಳಿಯುವುದಕ್ಕಿಂತ 36 ಪಟ್ಟು ವೇಗ, ನಿಮಿಷಕ್ಕೆ ಹತ್ತು ಸಾವಿರ ಲೀಟರ್ ಎಂಬುದು ಅಳವಡಿಕೆಯ ಹೊತ್ತಿನಲ್ಲಿ ಕೊಟ್ಟ ಲೆಕ್ಕ. ಮಳೆ ಸುರಿಯುತ್ತಲೇ ಇದ್ದರೆ ಆಟ ಆಡಿಸುವ ಶಕ್ತಿ ಇದಕ್ಕಿಲ್ಲ. ನಿಂತ ಮೇಲಿನ ಕಾಯುವಿಕೆಯನ್ನು ಗಂಟೆಗಳಿಂದ ನಿಮಿಷಗಳಿಗೆ ಇಳಿಸುವುದೇ ಇದರ ಸಾಧನೆ.

ಆದರೆ ಯಂತ್ರದ ಇನ್ನೊಂದು ಕೆಲಸ ಹುಲ್ಲಿಗೆ ಹೆಚ್ಚು ಮುಖ್ಯ. ಬೇರಿಗೂ ಆಮ್ಲಜನಕ ಬೇಕು. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ನೆಲ ನೀರಿನಲ್ಲಿ ನೆನೆದಷ್ಟು ದಿನ ಬೇರು ಉಸಿರುಕಟ್ಟಿಕೊಂಡಿರುತ್ತದೆ, ಕೊಳೆಯುತ್ತದೆ. ಸಬ್‌ಏರ್ ಅನ್ನು ತಿರುಗುಮುರುಗು ಓಡಿಸಿದರೆ ಅದೇ ಕೊಳವೆಗಳಿಂದ ಹೊಸ ಗಾಳಿ ಬೇರಿನತ್ತ ಏರುತ್ತದೆ. ಈ ಯಂತ್ರವಿಲ್ಲದ ಕಡೆ ಗ್ರೌಂಡ್ಸ್‌ಮನ್‌ಗಳು ಟೊಳ್ಳು ಮೊಳೆಗಳ ಯಂತ್ರ ಓಡಿಸಿ ನೆಲಕ್ಕೆ ಸಾವಿರಾರು ತೂತು ಹೊಡೆದು, ಅವುಗಳಿಗೆ ಮರಳು ತುಂಬುತ್ತಾರೆ. ರೋಲರ್, ಬೂಟು, ಓಟಗಳಿಂದ ಗಟ್ಟಿಯಾದ ನೆಲ ಹೀಗೆ ಸಡಿಲವಾಗುತ್ತದೆ.

ಇಷ್ಟೆಲ್ಲ ಆರೈಕೆ ಪಡೆಯುವುದು ಬರ್ಮುಡಾ ಹುಲ್ಲು, ಅಂದರೆ ನಾವು ಗಣೇಶನಿಗೆ ಏರಿಸುವ ಗರಿಕೆಯ ಜಾತಿ. ನೆಲದ ಮೇಲೂ ಒಳಗೂ ಕಾಂಡ ಹಬ್ಬಿಸುವ ಗುಣ ಇದಕ್ಕಿದೆ. ಫೀಲ್ಡರ್ ಜಾರಿ ಬಿದ್ದು ಕಿತ್ತುಹೋದ ಜಾಗವನ್ನು ಅಕ್ಕಪಕ್ಕದ ಬಳ್ಳಿ ಬಂದು ಮುಚ್ಚುತ್ತದೆ. ಮೈದಾನಗಳಿಗಾಗಿ ಬೆಳೆಸಿದ ಮಿಶ್ರತಳಿಗಳಲ್ಲಿ ಅನೇಕವು ಬೀಜವನ್ನೇ ಬಿಡುವುದಿಲ್ಲ, ತುಂಡು ನೆಟ್ಟೇ ಹಬ್ಬಿಸಬೇಕು. ಗರಿಕೆಗೆ ಬಿಸಿಲು ಪ್ರಾಣ. ನೆರಳು ಆಗದು, ಎತ್ತರದ ಗ್ಯಾಲರಿ ಕಟ್ಟಿದಷ್ಟೂ ಅದರ ಬುಡದ ಹುಲ್ಲು ತೆಳ್ಳಗಾಗುತ್ತದೆ. ಕತ್ತರಿಸುವುದಕ್ಕೂ ನಿಯಮವಿದೆ: ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಎಲೆಯೇ ಅಡುಗೆಮನೆ, ಅದು ಹೋದರೆ ಬೇರು ಸೊರಗುತ್ತದೆ.

ಆರೈಕೆ ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಧರ್ಮಶಾಲಾ ಸಾಕ್ಷಿ. ಅಲ್ಲಿ ಔಟ್‌ಫೀಲ್ಡ್ ಹೊಸದಾಗಿ ಹಾಕಿದ್ದರು. ಕಠಿಣ ಚಳಿಗೆ ಹುಲ್ಲು ದಟ್ಟವಾಗಲಿಲ್ಲ. 2023ರ ಮಾರ್ಚ್‌ನ ಭಾರತ–ಆಸ್ಟ್ರೇಲಿಯಾ ಟೆಸ್ಟ್ ಇಂದೋರ್‌ಗೆ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲೇ ನಡೆದ ವಿಶ್ವಕಪ್ ಪಂದ್ಯದಲ್ಲಿ ಅಫ್ಗಾನಿಸ್ತಾನದ ಮುಜೀಬ್ ಉರ್ ರೆಹಮಾನ್ ಚೆಂಡು ತಡೆಯಲು ಜಾರಿದಾಗ ಮಂಡಿ ನೆಲಕ್ಕೆ ಸಿಕ್ಕಿಕೊಂಡಿತು. ದೊಡ್ಡ ಗಾಯವಾಗದೆ ಪಾರಾದದ್ದು ಅದೃಷ್ಟ.

ಕಾನ್ಪುರದ ಕಥೆ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶದ ವಿರುದ್ಧದ ಟೆಸ್ಟ್‌ನ ಮೂರನೇ ದಿನ ಮಳೆಯೇ ಇರಲಿಲ್ಲ, ಆದರೂ ಒದ್ದೆ ನೆಲದಿಂದಾಗಿ ಆಟವಿಲ್ಲ. ಐಸಿಸಿ ಆ ಔಟ್‌ಫೀಲ್ಡ್‌ಗೆ ಅತೃಪ್ತಿಕರ ಎಂಬ ಶ್ರೇಣಿ ಕೊಟ್ಟಿತು. 2016ರಲ್ಲಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲೂ ಭಾರತದ ಟೆಸ್ಟ್ 22 ಓವರ್‌ಗೇ ಮುಗಿದುಹೋಗಿತ್ತು.

ಶ್ರೀಲಂಕಾದವರು ಬೇರೆ ದಾರಿ ಹಿಡಿದಿದ್ದಾರೆ: ಇಡೀ ಮೈದಾನಕ್ಕೇ ಹೊದಿಕೆ. ಮೋಡ ಕಂಡೊಡನೆ ದೊಡ್ಡ ಪಡೆಯೇ ಓಡಿಬಂದು ಹಾಸುತ್ತದೆ, ಮಳೆ ನಿಂತೊಡನೆ ಎಳೆದೊಯ್ಯುತ್ತದೆ. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ 21 ರನ್‌ಗೆ 6 ವಿಕೆಟ್ ಪಡೆದ ಮೊಹಮ್ಮದ್ ಸಿರಾಜ್ ತಮ್ಮ ಪಂದ್ಯಶ್ರೇಷ್ಠ ಬಹುಮಾನದ ಹಣವನ್ನು ಕೊಲಂಬೊದ ಆ ಮೈದಾನ ಸಿಬ್ಬಂದಿಗೆ ಕೊಟ್ಟರು. ಆ ಟೂರ್ನಿ ಮುಗಿದದ್ದೇ ಅವರ ತೋಳ್ಬಲದಿಂದ.

ಸಬ್‌ಏರ್ ಎಲ್ಲ ಊರಿಗೂ ಎಟುಕುವುದಲ್ಲ, ಬೇಕಾಗಿಯೂ ಇಲ್ಲ. ಪಿಚ್‌ನಿಂದ ಬೌಂಡರಿಯತ್ತ ಕಣ್ಣಿಗೆ ಕಾಣದಷ್ಟು ಇಳಿಜಾರು, ಹದವಾದ ಮರಳು, ಹೂಳು ತುಂಬದ ಕೊಳವೆ ಇಷ್ಟಿದ್ದರೆ ಸಾಮಾನ್ಯ ಮಳೆಯನ್ನು ಮೈದಾನ ತಾನೇ ಸಂಭಾಳಿಸುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಕುಡಿಯುವ ನೀರೂ ಬೇಕಿಲ್ಲ. 2024ರ ನೀರಿನ ಬರದಲ್ಲಿ ಚಿನ್ನಸ್ವಾಮಿಯ ಐಪಿಎಲ್ ಪಂದ್ಯಗಳಿಗೆ ಕಬ್ಬನ್ ಪಾರ್ಕ್ ಘಟಕದ ಸಂಸ್ಕರಿಸಿದ ನೀರನ್ನು ಒದಗಿಸಲಾಯಿತು. ಆದ್ದರಿಂದ ಜಿಲ್ಲೆ, ತಾಲ್ಲೂಕುಗಳಲ್ಲಿ ಕ್ರೀಡಾಂಗಣ ಕಟ್ಟಿಸುವವರು ಗ್ಯಾಲರಿಯ ಕುರ್ಚಿಗಳಿಗಿಂತ ಮೊದಲು ನೆಲದಡಿಯ ಮರಳು, ಜಲ್ಲಿಗಳಿಗೆ ಹಣ ತೆಗೆದಿಡಲಿ. ಕುರ್ಚಿಯನ್ನು ಮುಂದಿನ ವರ್ಷವೂ ಹಾಕಿಸಬಹುದು, ಆದರೆ ಮರಳು ತುಂಬಲು ಬೆಳೆದು ನಿಂತ ಹುಲ್ಲನ್ನೆಲ್ಲ ಕಿತ್ತುಹಾಕಬೇಕಾಗುತ್ತದೆ.